ಮಿದುಳಿನಿಂದ ಕಣ್ಣಿಗೆ ಬಂದ ಪದರ

(ರಾಯಚೂರಿನಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಜಿಲ್ಲೆಯ ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗ, ಹೀಗೆ ಯಾವ ಊರಿನಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆದರೂ ಅಲ್ಲಿಗೆ ಬರುವ ಹಿರಿಯರಲ್ಲಿ ಹೆಚ್ಚಿನವರ ತೊಂದರೆ ಕಣ್ಣಿನ ಪೊರೆಯದ್ದಾಗಿರುತ್ತದೆ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಕೂರಿಸಿದರೆ ಅವರಿಗೆ ನೋಟ ಮರಳುತ್ತದೆ. ಆದರೆ ಅದೇ ಸಾಲಿನಲ್ಲಿ ನಿಂತ ಕೆಲವರಿಗೆ ‘ನರ ವೀಕ್ ಆಗಿದೆ, ಪೊರೆ ತೆಗೆದರೂ ನೋಟ ಬರುವುದು ಕಷ್ಟ’ ಎಂಬ ಉತ್ತರ ಸಿಗುತ್ತದೆ. ಜನರ ಬಾಯಲ್ಲಿ ‘ನರ’ ಎನಿಸಿಕೊಳ್ಳುವ ಆ ಭಾಗ ಬಹಳಷ್ಟು ಸಲ ಅಕ್ಷಿಪಟಲವೇ ಆಗಿರುತ್ತದೆ, ಅಂದರೆ ರೆಟಿನಾ. ಕಣ್ಣುಗುಡ್ಡೆಯ ಹಿಂಬದಿಯನ್ನು ಒಳಗಿನಿಂದ ಆವರಿಸಿರುವ, ಅರ್ಧ ಮಿಲಿಮೀಟರಿಗೂ ತೆಳುವಾದ ಆ ಪಾರದರ್ಶಕ ಪದರವೇ ಇಂದಿನ ಮಾತಿನ ವಿಷಯ.

ಅಕ್ಷಿಪಟಲದಲ್ಲಿ ಹತ್ತು ಪದರಗಳಿವೆ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಬಾಯಿಪಾಠ ಮಾಡುತ್ತಾರೆ. ಆ ಪಟ್ಟಿಯಿಂದ ಆರಂಭಿಸಿದರೆ ಕೇಳುವವರಿಗೆ ಹತ್ತು ಹೆಸರುಗಳು ಸಿಗುತ್ತವೆಯೇ ಹೊರತು ಅವು ಹಾಗೆಯೇ ಏಕಿವೆ ಎಂಬುದು ತಿಳಿಯುವುದಿಲ್ಲ. ಅಕ್ಷಿಪಟಲದಲ್ಲಿ ಮೇಲ್ನೋಟಕ್ಕೆ ವಿಚಿತ್ರವೆನಿಸುವ ಸಂಗತಿಗಳು ಹಲವಿವೆ. ಬೆಳಕನ್ನು ಗ್ರಹಿಸುವ ಕೋಶಗಳು ಬೆಳಕಿಗೆ ಬೆನ್ನು ಮಾಡಿ ನಿಂತಿವೆ. ನೋಟದ ಕ್ಷೇತ್ರದಲ್ಲಿ ಏನೂ ಕಾಣದ ಒಂದು ಜಾಗವಿದೆ. ಎರಡು ಪದರಗಳು ಅಂಟಿಕೊಂಡಂತೆ ಕಂಡರೂ ಅಂಟಿಕೊಂಡಿಲ್ಲ. ಒಂದೇ ಪಟಲಕ್ಕೆ ಎರಡು ಬೇರೆ ಬೇರೆ ಮೂಲಗಳಿಂದ ರಕ್ತ ಬರುತ್ತದೆ. ಇವೆಲ್ಲಕ್ಕೂ ವಿವರಣೆ ಅದು ಗರ್ಭದಲ್ಲಿ ರೂಪುಗೊಂಡ ಕ್ರಮದಲ್ಲಿದೆ. ನಮ್ಮ ಆಸ್ಪತ್ರೆಗಳಿಗೆ ಬರುವ ಅಕ್ಷಿಪಟಲದ ರೋಗಗಳಲ್ಲಿ ಹಲವಕ್ಕೂ ಅದೇ ಕ್ರಮದ ಒಂದೊಂದು ಹಂತದೊಂದಿಗೆ ನಂಟಿದೆ. ಆದ್ದರಿಂದ ಕಟ್ಟಿದ ಕ್ರಮದಲ್ಲಿಯೇ ಅದನ್ನು ನೋಡೋಣ.

ಗರ್ಭಧಾರಣೆಯಾಗಿ ಸುಮಾರು 22 ದಿನಗಳಾದಾಗ ಭ್ರೂಣ ಕೆಲವೇ ಮಿಲಿಮೀಟರ್ ಉದ್ದವಿರುತ್ತದೆ. ಹೆಚ್ಚಿನ ತಾಯಂದಿರಿಗೆ ತಾವು ಗರ್ಭಿಣಿ ಎಂಬುದು ಆಗಿನ್ನೂ ಖಚಿತವಾಗಿರುವುದಿಲ್ಲ. ಮುಂದೆ ಮಿದುಳಾಗಲಿರುವ ನರ ಅಂಗಾಂಶ ಆ ಹೊತ್ತಿಗೆ ಕೊಳವೆಯಾಗಿ ಮುಚ್ಚಿಕೊಂಡೂ ಇರುವುದಿಲ್ಲ. ಅದರ ಮುಂಭಾಗದ ಎರಡೂ ಬದಿಗಳಲ್ಲಿ ಒಂದೊಂದು ಸಣ್ಣ ತಗ್ಗು ಕಾಣಿಸಿಕೊಳ್ಳುತ್ತದೆ, ಅದೇ ಕಣ್ಣಿನ ಮೊದಲ ಗುರುತು. ಕೊಳವೆ ಮುಚ್ಚಿದ ಮೇಲೆ ಈ ತಗ್ಗುಗಳು ಹೊರಕ್ಕೆ ಉಬ್ಬಿ ಎರಡು ಟೊಳ್ಳು ಗುಳ್ಳೆಗಳಾಗುತ್ತವೆ ಮತ್ತು ನಾಲ್ಕನೆಯ ವಾರದ ಕೊನೆಗೆ ಮುಖದ ಚರ್ಮವಾಗಲಿರುವ ಹೊರಪದರವನ್ನು ತಲುಪುತ್ತವೆ. ಕೈ, ಕಾಲುಗಳಿಗೆ ನರಗಳು ಬೆನ್ನುಹುರಿಯ ಕಡೆಯಿಂದ ಬೇರೆಯಾಗಿ ಬಂದು ಸೇರುತ್ತವೆ. ಅಕ್ಷಿಪಟಲದ ವಿಷಯದಲ್ಲಿ ಮಿದುಳಿನ ಒಂದು ತುಂಡೇ ಹೊರಬಂದು ಕಣ್ಣಾಗುತ್ತದೆ. ಅಂಗರಚನಾಶಾಸ್ತ್ರದ ಪ್ರಕಾರ ದೃಷ್ಟಿನರವೂ ಮಿದುಳಿನೊಳಗಿನ ನರಮಾರ್ಗಗಳ ಜಾತಿಗೇ ಸೇರಿದ್ದು, ಮಿದುಳನ್ನು ಆವರಿಸಿರುವ ಮೂರು ಪೊರೆಗಳು ಅದನ್ನೂ ಆವರಿಸಿರುತ್ತವೆ. ತಲೆಯೊಳಗೆ ಒತ್ತಡ ಏರಿದಾಗ ದೃಷ್ಟಿನರದ ತುದಿ ಊದಿಕೊಳ್ಳುವುದು ಈ ಕಾರಣದಿಂದಲೇ. ತಲೆಬುರುಡೆಯನ್ನು ತೆರೆಯದೆ, ಪಾಪೆಯ ಮೂಲಕ ಬೆಳಕು ಹಾಯಿಸಿ, ಜೀವಂತ ಮನುಷ್ಯನ ಮಿದುಳಿನ ಅಂಗಾಂಶವನ್ನೂ ಅದರ ರಕ್ತನಾಳಗಳನ್ನೂ ನೇರವಾಗಿ ನೋಡಬಹುದಾದ ಜಾಗ ನಮ್ಮ ದೇಹದಲ್ಲಿ ಇದೊಂದೇ. ಹರ್ಮನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕ ಇದನ್ನು ಸಾಧ್ಯವಾಗಿಸಿತು. ವೈದ್ಯಕೀಯದ ಚರಿತ್ರೆಯಲ್ಲಿ ಅಷ್ಟು ಚಿಕ್ಕ ಉಪಕರಣವೊಂದು ಅಷ್ಟು ದೊಡ್ಡ ಲೋಕವನ್ನು ತೆರೆದ ಉದಾಹರಣೆಗಳು ಕಡಿಮೆ ಎಂದು ನಾನು ಭಾವಿಸುತ್ತೇನೆ.

ಮಿದುಳಿನ ಗುಳ್ಳೆ ಚರ್ಮವನ್ನು ಮುಟ್ಟಿದ ಕ್ಷಣದಿಂದ ಎರಡರ ನಡುವೆ ರಾಸಾಯನಿಕ ಸಂಕೇತಗಳ ವಿನಿಮಯ ಶುರುವಾಗುತ್ತದೆ. ಗುಳ್ಳೆಯ ಪ್ರಭಾವದಿಂದ ಚರ್ಮದ ಆ ಭಾಗ ದಪ್ಪವಾಗಿ ಮಸೂರವಾಗತೊಡಗುತ್ತದೆ. ಚರ್ಮದ ಕಡೆಯಿಂದ ಬರುವ ಸಂಕೇತಗಳು ಗುಳ್ಳೆಯ ಮುಂಭಾಗ ನರ ಅಕ್ಷಿಪಟಲವಾಗುವಂತೆ ಪ್ರೇರೇಪಿಸುತ್ತವೆ. ಜರ್ಮನಿಯ ಹಾನ್ಸ್ ಸ್ಪೇಮನ್ 1901ರಲ್ಲಿ ಕಪ್ಪೆಯ ಭ್ರೂಣದ ಕಣ್ಣಿನ ಮೊಳಕೆಯನ್ನು ನಾಶಮಾಡಿ, ಆ ಬದಿಯಲ್ಲಿ ಮಸೂರ ಹುಟ್ಟುವುದೇ ಇಲ್ಲವೆಂದು ತೋರಿಸಿದರು. ಒಂದು ಅಂಗಾಂಶ ಇನ್ನೊಂದರ ಭವಿಷ್ಯವನ್ನು ನಿರ್ಧರಿಸಬಲ್ಲದು ಎಂಬ ವಿಚಾರಕ್ಕೆ ದೊರೆತ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೂ ಒಂದು. ಪ್ಯಾಕ್ಸ್-6 ಎಂಬ ಜೀನ್ ಈ ಹಂತದಲ್ಲಿ ಅತ್ಯಗತ್ಯ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಮಗು ಹುಟ್ಟುವಾಗ ಪಾಪೆಯ ಸುತ್ತಲಿನ ಬಣ್ಣದ ಉಂಗುರವಾದ ವರ್ಣಪಟಲ ಬಹುಪಾಲು ಇಲ್ಲದಿರಬಹುದು, ಅಕ್ಷಿಪಟಲದ ಮಧ್ಯಭಾಗವೂ ಸರಿಯಾಗಿ ಬೆಳೆಯದಿರಬಹುದು.

ಐದನೆಯ ವಾರದಲ್ಲಿ ನಡೆಯುವುದು ಇಡೀ ಕಥೆಯ ತಿರುಳು. ಗಾಳಿ ಇಳಿದ ರಬ್ಬರ್ ಚೆಂಡನ್ನು ಒಂದು ಕಡೆಯಿಂದ ಮುಷ್ಟಿಯಲ್ಲಿ ಒತ್ತಿದರೆ ಆ ಕಡೆ ಒಳಕ್ಕೆ ಹೋಗಿ ಹಿಂದಿನ ಗೋಡೆಗೆ ತಾಗುತ್ತದೆ, ಒಂಟಿ ಗೋಡೆಯ ಚೆಂಡು ಎರಡು ಗೋಡೆಯ ಬಟ್ಟಲಾಗುತ್ತದೆ. ಮಿದುಳಿನ ಗುಳ್ಳೆಯೂ ಹೀಗೆಯೇ ಒಳಕ್ಕೆ ಮಡಚಿಕೊಂಡು ಬಟ್ಟಲಿನ ಆಕಾರ ಪಡೆಯುತ್ತದೆ, ಬಟ್ಟಲಿನ ಬಾಯಲ್ಲಿ ಮಸೂರ ಬಂದು ಕೂರುತ್ತದೆ. ಒಳಗೋಡೆ ದಪ್ಪವಾಗಿ ಬೆಳೆದು ನರಕೋಶಗಳ ಅಕ್ಷಿಪಟಲವಾಗುತ್ತದೆ. ಹೊರಗೋಡೆ ಒಂದೇ ಸಾಲಿನ ಕೋಶಗಳಾಗಿ ಉಳಿದು, ಮೆಲನಿನ್ ತುಂಬಿಕೊಂಡು, ಕಪ್ಪಾದ ವರ್ಣಕ ಪದರವಾಗುತ್ತದೆ.

ಗುಳ್ಳೆಯ ಒಳಗಿದ್ದ ಟೊಳ್ಳು ಈಗ ಈ ಎರಡು ಗೋಡೆಗಳ ನಡುವಿನ ಸಂದಾಗಿದೆ. ಬೆಳೆಯುತ್ತ ಸಂದು ಮುಚ್ಚಿಹೋಗುತ್ತದೆ, ಆದರೆ ಗೋಡೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ಜೀವನಪರ್ಯಂತ ಅವುಗಳನ್ನು ಒತ್ತಟ್ಟಿಗೆ ಇಟ್ಟಿರುವುದು ವರ್ಣಕ ಪದರದ ಕೋಶಗಳು ನಿರಂತರವಾಗಿ ನೀರನ್ನು ಹೊರಕ್ಕೆ ಹೀರುವ ಕ್ರಿಯೆ ಮತ್ತು ನಡುವಿನ ತೆಳುವಾದ ಅಂಟುದ್ರವ್ಯ ಮಾತ್ರ. ಹೀಗಾಗಿ ನಡುವಯಸ್ಸು ದಾಟಿದ ಮೇಲೆ ಅಥವಾ ಪೆಟ್ಟು ಬಿದ್ದಾಗ ಅಕ್ಷಿಪಟಲದಲ್ಲಿ ಒಂದು ಸಣ್ಣ ಹರಕು ಉಂಟಾದರೆ, ಕಣ್ಣಿನೊಳಗಿನ ದ್ರವ ಆ ಹರಕಿನ ಮೂಲಕ ನುಗ್ಗಿ, ಐದನೆಯ ವಾರದಲ್ಲಿ ಮುಚ್ಚಿದ್ದ ಅದೇ ಸಂದನ್ನು ಮತ್ತೆ ತೆರೆಯುತ್ತದೆ. ಅಕ್ಷಿಪಟಲ ಕಳಚುವುದು ಎನ್ನುವುದು ಇದನ್ನೇ. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲದಿರುವುದರಿಂದ ಇದು ನಡೆಯುವಾಗ ನೋವಾಗುವುದಿಲ್ಲ. ಮಿಂಚಿದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾಗಿ ತೇಲುವುದು, ಒಂದು ಬದಿಯಿಂದ ಪರದೆ ಇಳಿದಂತಾಗುವುದು, ಇಷ್ಟೇ ಲಕ್ಷಣಗಳು. ನೋವಿಲ್ಲವೆಂದು ಹತ್ತಿ ಬಿಡಿಸುವ ಕೆಲಸ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡುವವರಿದ್ದಾರೆ. ಮಧ್ಯಭಾಗ ಇನ್ನೂ ಕಳಚದಿರುವಾಗಲೇ ಬಂದವರಿಗೂ ಕಳಚಿದ ಮೇಲೆ ಬಂದವರಿಗೂ ಸಿಗುವ ನೋಟದಲ್ಲಿ ಬಹಳ ಅಂತರವಿರುತ್ತದೆ. 1920ರ ದಶಕದವರೆಗೆ ಈ ಕಾಯಿಲೆಗೆ ನೆಚ್ಚಬಹುದಾದ ಚಿಕಿತ್ಸೆಯೇ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಜೂಲ್ಸ್ ಗೊನಾಂ ಅವರು ಹರಕೇ ಮೂಲಕಾರಣವೆಂದೂ ಅದನ್ನು ಮುಚ್ಚಿದರೆ ಪಟಲ ಮರಳಿ ಕೂರುತ್ತದೆಂದೂ ತೋರಿಸಿದ ಮೇಲೆಯೇ ದಾರಿ ತೆರೆಯಿತು. ಇಂದಿನ ಶಸ್ತ್ರಚಿಕಿತ್ಸೆ ಎಷ್ಟೇ ಮುಂದುವರಿದಿದ್ದರೂ ಮೂಲತತ್ವ ಅದೇ ಆಗಿದೆ.

ಬಟ್ಟಲು ರೂಪುಗೊಳ್ಳುವಾಗ ಅದರ ಕೆಳಭಾಗದಲ್ಲಿ ಉದ್ದಕ್ಕೂ ಒಂದು ಬಿರುಕು ಇರುತ್ತದೆ, ರಕ್ತನಾಳಗಳು ಒಳಬರುವುದು ಅದರ ಮೂಲಕ. ಆರು, ಏಳನೆಯ ವಾರಗಳಲ್ಲಿ ಅದು ಮುಚ್ಚಿಕೊಳ್ಳಬೇಕು. ಪೂರ್ತಿಯಾಗಿ ಮುಚ್ಚದಿದ್ದರೆ ಮಗುವಿನ ಕಪ್ಪು ಗುಡ್ಡೆ ಕೆಳಗಡೆ ಬೀಗದ ಕೈಯ ತೂತಿನ ಆಕಾರದಲ್ಲಿ ತೆರೆದುಕೊಂಡಿರುವುದನ್ನು ಅಂಗನವಾಡಿಯಲ್ಲಿ ಬರಿಗಣ್ಣಿನಿಂದಲೇ ಗುರುತಿಸಬಹುದು. ಅಂತಹ ಮಗುವಿನ ಅಕ್ಷಿಪಟಲದಲ್ಲಿಯೂ ಅದೇ ದಿಕ್ಕಿನಲ್ಲಿ ಕೊರತೆ ಇರುವ ಸಾಧ್ಯತೆ ಇರುವುದರಿಂದ, ಹೊರನೋಟಕ್ಕೆ ಚಿಕ್ಕ ವ್ಯತ್ಯಾಸವೆಂದು ಬಿಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಈಗ ಬೆಳಕಿಗೆ ಬೆನ್ನು ಮಾಡಿದ ಕೋಶಗಳ ವಿಷಯ. ನರ ಕೊಳವೆಯ ಗೋಡೆಯಲ್ಲಿ ಪ್ರತಿ ಕೋಶಕ್ಕೂ ಟೊಳ್ಳಿನ ಕಡೆಗೆ ಮುಖ ಮಾಡಿದ ಒಂದು ತುದಿ ಇರುತ್ತದೆ. ಬೆಳಕು ಗ್ರಹಿಸುವ ದಂಡಕೋಶ ಮತ್ತು ಶಂಕುಕೋಶಗಳ ಸೂಕ್ಷ್ಮ ಭಾಗ ಬೆಳೆಯುವುದು ಆ ತುದಿಯಿಂದ. ಗುಳ್ಳೆ ಬಟ್ಟಲಾದಾಗ ಟೊಳ್ಳು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡದ್ದರಿಂದ ಆ ತುದಿಗಳು ಹಿಂದಕ್ಕೆ, ಅಂದರೆ ವರ್ಣಕ ಪದರದ ಕಡೆಗೆ ತಿರುಗಿದವು. ಇದರ ಫಲವಾಗಿ ಕಣ್ಣಿಗೆ ಬಿದ್ದ ಬೆಳಕು ನರತಂತುಗಳ ಪದರ, ಆ ತಂತುಗಳು ಹೊರಡುವ ಗ್ಯಾಂಗ್ಲಿಯಾನ್ ಕೋಶಗಳು ಮತ್ತು ನಡುವಿನ ಸಂಪರ್ಕ ಕೋಶಗಳನ್ನೆಲ್ಲ ದಾಟಿ ಕೊನೆಗೆ ಗ್ರಾಹಕ ಕೋಶಗಳನ್ನು ಮುಟ್ಟಬೇಕು. ಅಲ್ಲಿ ಹುಟ್ಟಿದ ಸಂಕೇತ ಅದೇ ದಾರಿಯಲ್ಲಿ ಮುಂದಕ್ಕೆ ಬಂದು, ತಂತುಗಳೆಲ್ಲ ಒಂದೆಡೆ ಸೇರಿ, ಅಕ್ಷಿಪಟಲವನ್ನು ತೂರಿಕೊಂಡು ಹಿಂದಕ್ಕೆ ಹೋಗಬೇಕು. ತಂತುಗಳು ತೂರುವ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಆ ಜಾಗದಲ್ಲಿ ಗ್ರಾಹಕ ಕೋಶಗಳಿಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ ಅಂಧಬಿಂದು ಅದೇ. ಅಷ್ಟಪದಿಯ ಕಣ್ಣಿನ ಅಕ್ಷಿಪಟಲ ಮಿದುಳಿನಿಂದ ಮಡಚಿಕೊಂಡು ಬಂದದ್ದಲ್ಲ, ಹೊರಚರ್ಮದಿಂದ ಹುಟ್ಟಿದ್ದು. ಆದ್ದರಿಂದ ಅದರ ಗ್ರಾಹಕ ಕೋಶಗಳು ನೇರ ಬೆಳಕಿಗೆ ಮುಖ ಮಾಡಿವೆ, ಅದಕ್ಕೆ ಅಂಧಬಿಂದುವೂ ಇಲ್ಲ.

ನಮ್ಮ ಕಣ್ಣಿನ ವಿನ್ಯಾಸವೇ ತಪ್ಪು ಎಂದು ಇದನ್ನು ಓದುವವರು ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಗ್ರಾಹಕ ಕೋಶಗಳು ವರ್ಣಕ ಪದರಕ್ಕೆ ಮುಖವೊತ್ತಿ ನಿಂತಿರುವುದರಿಂದಲೇ ಅವುಗಳಿಗೆ ಬದುಕು ಸಾಧ್ಯವಾಗಿದೆ. ಪ್ರತಿ ಗ್ರಾಹಕ ಕೋಶದ ಹೊರತುದಿಯಲ್ಲಿ ನೂರಾರು ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ, ಬೆಳಕನ್ನು ಹಿಡಿಯುವ ವರ್ಣದ್ರವ್ಯ ಇರುವುದು ಅವುಗಳಲ್ಲಿ. ಬೆಳಕು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಇರುವಲ್ಲಿ ಈ ಬಿಲ್ಲೆಗಳು ಬೇಗ ಹಾಳಾಗುತ್ತವೆ. ಆದ್ದರಿಂದ ಬುಡದಲ್ಲಿ ದಿನವೂ ಹೊಸ ಬಿಲ್ಲೆಗಳು ಹುಟ್ಟುತ್ತವೆ, ತುದಿಯ ಹಳೆಯವು ಉದುರುತ್ತವೆ, ಉದುರಿದ್ದನ್ನು ವರ್ಣಕ ಪದರದ ಕೋಶಗಳು ನುಂಗಿ ಜೀರ್ಣಿಸಿಕೊಳ್ಳುತ್ತವೆ. ರಿಚರ್ಡ್ ಯಂಗ್ ಅವರು 1960ರ ದಶಕದಲ್ಲಿ ವಿಕಿರಣಶೀಲ ಅಮೈನೋ ಆಮ್ಲಗಳನ್ನು ಬಳಸಿ ಈ ಪಯಣವನ್ನು ಹಿಂಬಾಲಿಸಿದರು. ದಿನಕ್ಕೆ ಸುಮಾರು ಹತ್ತನೆಯ ಒಂದು ಭಾಗ ಬದಲಾಗುವುದರಿಂದ ಸಸ್ತನಿಗಳಲ್ಲಿ ಸುಮಾರು ಹತ್ತು ದಿನಗಳಲ್ಲಿ ಹೊರತುದಿ ಪೂರ್ತಿ ಹೊಸದಾಗುತ್ತದೆ. ಗ್ರಾಹಕ ಕೋಶ ಮಾತ್ರ ಗರ್ಭದಲ್ಲಿ ಹುಟ್ಟಿದ ಅದೇ ಕೋಶ. ಎಂಬತ್ತು ವರ್ಷದ ಅಜ್ಜಿ ನೋಡುವುದು ಹುಟ್ಟುವ ಮೊದಲೇ ತಯಾರಾಗಿದ್ದ ಕೋಶಗಳಿಂದ.

ಇದೇ ವರ್ಣಕ ಪದರ ವಿಟಮಿನ್ ‘ಎ’ಯ ಮರುಬಳಕೆಯನ್ನೂ ನೋಡಿಕೊಳ್ಳುತ್ತದೆ. ದಂಡಕೋಶದ ರೊಡಾಪ್ಸಿನ್ ಎಂಬ ವರ್ಣದ್ರವ್ಯದಲ್ಲಿ ಒಂದು ಪ್ರೋಟೀನ್ ಮತ್ತು ವಿಟಮಿನ್ ‘ಎ’ಯಿಂದ ಬಂದ ಒಂದು ಅಣು ಸೇರಿವೆ. ಬೆಳಕು ಬಿದ್ದಾಗ ಆ ಅಣುವಿನ ಬಾಗು ನೇರವಾಗುತ್ತದೆ, ನೋಟದ ಇಡೀ ಸರಣಿ ಅಲ್ಲಿಂದ ಶುರು. ನೇರವಾದ ಅಣುವನ್ನು ಮತ್ತೆ ಬಾಗಿಸುವ ಕೆಲಸ ವರ್ಣಕ ಪದರದ್ದು. ಇದನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್ ಅವರಿಗೆ 1967ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಮಬ್ಬು ಬೆಳಕಿನ ನೋಟವೆಲ್ಲ ದಂಡಕೋಶಗಳದ್ದೇ ಆದ್ದರಿಂದ ಆಹಾರದಲ್ಲಿ ವಿಟಮಿನ್ ‘ಎ’ ಕಡಿಮೆಯಾದ ಮಗು ಮೊದಲು ಎಡವುವುದು ಸಂಜೆಯ ಹೊತ್ತು. ‘ದೀಪ ಹಚ್ಚೋ ಹೊತ್ತಿಗೆ ಕೂಸಿಗೆ ಕಾಣಂಗಿಲ್ಲ’ ಎಂದು ತಾಯಿ ಹೇಳಿದರೆ ಅದು ಕಣ್ಣಿನ ಮುಂಬದಿಯ ಪಾರದರ್ಶಕ ಹೊದಿಕೆಯಾದ ಕಾರ್ನಿಯಾ ಕರಗಿಹೋಗುವ ಮುನ್ನ ಸಿಗುವ ಎಚ್ಚರಿಕೆ. ನಮ್ಮ ದೇಶದಲ್ಲಿ ಮಕ್ಕಳಿಗೆ ವಿಟಮಿನ್ ‘ಎ’ ದ್ರಾವಣ ನೀಡುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಒಂಬತ್ತನೆಯ ತಿಂಗಳಲ್ಲಿ ದಡಾರದ ಲಸಿಕೆಯೊಂದಿಗೆ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ ಎಂಬ ಲೆಕ್ಕವನ್ನು ಇಲ್ಲಿರುವ ಕಾರ್ಯಕರ್ತೆಯರು ನನಗಿಂತ ಚೆನ್ನಾಗಿ ಬಲ್ಲರು.

ಪದರಗಳ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕೋಶಗಳು ಮೂರು ಸಾಲುಗಳಲ್ಲಿವೆ: ಹಿಂದೆ ಗ್ರಾಹಕ ಕೋಶಗಳು, ನಡುವೆ ದ್ವಿಧ್ರುವ ಕೋಶಗಳು ಮತ್ತು ಅಡ್ಡ ಸಂಪರ್ಕ ಕಲ್ಪಿಸುವ ಕೋಶಗಳು, ಮುಂದೆ ಗ್ಯಾಂಗ್ಲಿಯಾನ್ ಕೋಶಗಳು. ಸಾಲುಗಳ ನಡುವೆ ಕೋಶಗಳು ಪರಸ್ಪರ ಸಂಧಿಸುವ ಎರಡು ಪದರಗಳಿವೆ, ಎಲ್ಲವನ್ನೂ ಉದ್ದಕ್ಕೂ ಹಿಡಿದು ನಿಲ್ಲಿಸುವ ಮ್ಯೂಲರ್ ಕೋಶಗಳಿವೆ. ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಹಾಲ್ ಅವರು 1890ರ ದಶಕದಲ್ಲಿ ಬೆಳ್ಳಿಯ ಬಣ್ಣಗಾರಿಕೆಯಿಂದ ಈ ಕೋಶಗಳನ್ನು ಕಂಡು ಕೈಯಿಂದ ಬಿಡಿಸಿದ ಚಿತ್ರಗಳನ್ನು ಇಂದಿಗೂ ಪಾಠದಲ್ಲಿ ಬಳಸುತ್ತೇವೆ. ಮನುಷ್ಯನ ಒಂದು ಕಣ್ಣಿನಲ್ಲಿ ಸರಾಸರಿ 9 ಕೋಟಿಗೂ ಹೆಚ್ಚು ದಂಡಕೋಶಗಳು ಮತ್ತು 46 ಲಕ್ಷದಷ್ಟು ಶಂಕುಕೋಶಗಳಿವೆ. ದೃಷ್ಟಿನರದಲ್ಲಿರುವ ತಂತುಗಳಾದರೋ ಸುಮಾರು 10ರಿಂದ 12 ಲಕ್ಷ. ಇಷ್ಟು ಗ್ರಾಹಕಗಳ ಸುದ್ದಿ ಅಷ್ಟು ಕಡಿಮೆ ತಂತುಗಳಲ್ಲಿ ಹೋಗಬೇಕಾದರೆ ಆಯ್ಕೆ ನಡೆಯಲೇಬೇಕು. ಅಂಚು, ವ್ಯತ್ಯಾಸ, ಚಲನೆ, ಎದುರುಬದುರು ಬಣ್ಣಗಳ ಭೇದ ಇವುಗಳನ್ನು ಹೆಕ್ಕಿ ಕಳುಹಿಸುವ ಕೆಲಸ ಅಕ್ಷಿಪಟಲದಲ್ಲಿಯೇ ಮುಗಿದಿರುತ್ತದೆ. ಮಿದುಳಿನ ತುಂಡು ಮಿದುಳಿನ ಕೆಲಸವನ್ನೇ ಮಾಡುತ್ತಿದೆ.

ಈ ಎಲ್ಲ ಬಗೆಯ ಕೋಶಗಳೂ ಬಟ್ಟಲಿನ ಒಳಗೋಡೆಯ ಒಂದೇ ಬಗೆಯ ಮೂಲಕೋಶಗಳಿಂದ ಸರದಿಯ ಪ್ರಕಾರ ಹುಟ್ಟುತ್ತವೆ. ಮೊದಲು ಗ್ಯಾಂಗ್ಲಿಯಾನ್ ಕೋಶಗಳು, ಅವುಗಳ ಹಿಂದೆಯೇ ಶಂಕುಕೋಶಗಳು, ಬಹಳ ತಡವಾಗಿ ದ್ವಿಧ್ರುವ ಕೋಶಗಳು ಮತ್ತು ಮ್ಯೂಲರ್ ಕೋಶಗಳು. ಬೆಳವಣಿಗೆ ನಡುವಿನಿಂದ ಅಂಚಿಗೆ ಸಾಗುತ್ತದೆ. ಮಧ್ಯಭಾಗದಲ್ಲಿ ಕೋಶವಿಭಜನೆ ಮುಗಿದು ಎಷ್ಟೋ ವಾರಗಳಾದ ಮೇಲೂ ಅಂಚಿನಲ್ಲಿ ಅದು ನಡೆಯುತ್ತಲೇ ಇರುತ್ತದೆ. ನನ್ನನ್ನು ಪ್ರತಿ ಸಲ ಬೆರಗುಗೊಳಿಸುವ ಸಂಗತಿ ಮುಂದಿನದು. ಗರ್ಭದ 16-17ನೆಯ ವಾರದಲ್ಲಿ ದೃಷ್ಟಿನರದಲ್ಲಿ ಸುಮಾರು 37 ಲಕ್ಷ ತಂತುಗಳಿರುತ್ತವೆ, 29ನೆಯ ವಾರದ ಹೊತ್ತಿಗೆ ಅವು 11 ಲಕ್ಷಕ್ಕೆ ಇಳಿಯುತ್ತವೆ. ಮಿದುಳಿನಲ್ಲಿ ಸರಿಯಾದ ಸಂಪರ್ಕ ಸಿಗದ ತಂತುಗಳು ಕ್ರಮಬದ್ಧವಾಗಿ ಅಳಿದುಹೋಗುತ್ತವೆ. ಉಳಿದವುಗಳ ಜೋಡಣೆಯನ್ನು ತಿದ್ದುವುದಕ್ಕೆ, ಬೆಳಕಿನ ಅರಿವೇ ಇಲ್ಲದ ಆ ಹಂತದಲ್ಲಿ, ಗ್ಯಾಂಗ್ಲಿಯಾನ್ ಕೋಶಗಳು ಅಲೆ ಅಲೆಯಾಗಿ ತಾವಾಗಿಯೇ ಸಂಕೇತಗಳನ್ನು ಹೊಮ್ಮಿಸುತ್ತವೆ ಎಂಬುದನ್ನು 1988ರಿಂದ 1991ರ ನಡುವೆ ಇಲಿ ಮತ್ತು ಫೆರೆಟ್ ಎಂಬ ಪ್ರಾಣಿಗಳಲ್ಲಿ ದಾಖಲಿಸಲಾಯಿತು.

ಅಕ್ಷಿಪಟಲದ ನಟ್ಟನಡುವೆ, ದೃಷ್ಟಿನರದ ಬಿಂದುವಿನಿಂದ ಕಿವಿಯ ಕಡೆಗೆ, ಮ್ಯಾಕ್ಯುಲಾ ಎಂಬ ಹಳದಿ ಛಾಯೆಯ ಪ್ರದೇಶವಿದೆ. ಆ ಹಳದಿ ನಮ್ಮ ದೇಹ ತಯಾರಿಸಿದ್ದಲ್ಲ. ಸೊಪ್ಪುಗಳಲ್ಲಿರುವ ಲೂಟೀನ್ ಮತ್ತು ಮೆಕ್ಕೆಜೋಳದಂತಹ ಹಳದಿ ಕಾಳಿನಲ್ಲಿರುವ ಜಿಯಾಕ್ಸಾಂತಿನ್ ಊಟದ ಮೂಲಕ ಬಂದು ಅಲ್ಲಿ ಶೇಖರವಾಗುತ್ತವೆ. ರೊಟ್ಟಿಯ ಜೊತೆ ನಾವು ತಿನ್ನುವ ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪಿನ ಪಲ್ಯಗಳ ಒಂದಂಶ ಹೀಗೆ ನೋಟದ ಮಧ್ಯಬಿಂದುವನ್ನು ತಲುಪಿ ನೀಲಿ ಬೆಳಕನ್ನು ಸೋಸುತ್ತದೆ. ಮ್ಯಾಕ್ಯುಲಾದ ನಡುವೆ ಫೋವಿಯಾ ಎಂಬ ಸಣ್ಣ ಗುಳಿಯಿದೆ. ಅಲ್ಲಿ ಮುಂದಿನ ಪದರಗಳೆಲ್ಲ ಬದಿಗೆ ಸರಿದಿರುತ್ತವೆ, ರಕ್ತನಾಳಗಳಿರುವುದಿಲ್ಲ, ದಂಡಕೋಶಗಳಿರುವುದಿಲ್ಲ. ಶಂಕುಕೋಶಗಳು ಮಾತ್ರ ಚದರ ಮಿಲಿಮೀಟರಿಗೆ ಸರಾಸರಿ ಎರಡು ಲಕ್ಷದಷ್ಟು ಒತ್ತೊತ್ತಾಗಿ ನಿಂತಿರುತ್ತವೆ. ಓದು, ಮುಖದ ಗುರುತು, ಸೂಜಿಗೆ ದಾರ ಪೋಣಿಸುವುದು, ಎಲ್ಲವೂ ಈ ಪುಟ್ಟ ಗುಳಿಯ ಕೆಲಸ.

ಫೋವಿಯಾದ ಬೆಳವಣಿಗೆ ಹುಟ್ಟಿದ ಮೇಲೂ ಮುಂದುವರಿಯುತ್ತದೆ. ಗರ್ಭದ 25ನೆಯ ವಾರದ ಸುಮಾರಿಗೆ ಗುಳಿ ಮೂಡತೊಡಗುತ್ತದೆ. ಹುಟ್ಟಿದ ಕೂಸಿನ ಫೋವಿಯಾದಲ್ಲಿ ಶಂಕುಕೋಶಗಳು ಇನ್ನೂ ಗಿಡ್ಡವಾಗಿ, ದಪ್ಪವಾಗಿ, ಒಂದೇ ಸಾಲಿನಲ್ಲಿರುತ್ತವೆ. ಅವು ಸಪೂರವಾಗಿ, ಉದ್ದವಾಗಿ, ನಡುವಿಗೆ ಸರಿದು ಒತ್ತೊತ್ತಾಗುವುದಕ್ಕೆ ವರ್ಷಗಳು ಬೇಕು. ಅನಿತಾ ಹೆಂಡ್ರಿಕ್ಸನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ನಾಲ್ಕು ವರ್ಷ ಸಮೀಪಿಸಿದ ಮಗುವಿನಲ್ಲಿಯೂ ಶಂಕುಕೋಶಗಳ ಸಾಂದ್ರತೆ ದೊಡ್ಡವರ ಅರ್ಧದಷ್ಟೇ ಇದ್ದುದು ಕಂಡುಬಂತು. ಇದೇ ವರ್ಷಗಳಲ್ಲಿ ಮಿದುಳಿನ ಹಿಂಭಾಗವೂ ಎರಡೂ ಕಣ್ಣುಗಳ ಚಿತ್ರವನ್ನು ಬೆಸೆಯಲು ಕಲಿಯುತ್ತಿರುತ್ತದೆ. ಆದ್ದರಿಂದ ಮೆಳ್ಳೆಗಣ್ಣನ್ನು ‘ಅದೃಷ್ಟದ ಕಣ್ಣು, ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಬಿಡಬೇಡಿ. ಆ ಕಣ್ಣಿನಿಂದ ಮಿದುಳು ಕಲಿಯಬೇಕಾದ ಕಾಲ ಕಳೆದುಹೋದರೆ ಮುಂದೆ ಕನ್ನಡಕದಿಂದಲೂ ನೋಟ ಸಿಗುವುದಿಲ್ಲ.

ಫೋವಿಯಾದ ಬಗ್ಗೆ ನಮ್ಮ ಸೀಮೆಯ ಹಿರಿಯರಿಗೆ ನೆನಪಿರುವ ಒಂದು ದಿನವನ್ನು ಇಲ್ಲಿ ಹೇಳಬಹುದು. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಆಗಿನ ಅವಿಭಜಿತ ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು, ಅದನ್ನು ಅಧ್ಯಯನ ಮಾಡಲು ಖಗೋಳವಿಜ್ಞಾನಿಗಳು ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಗ್ರಹಣದ ಹೊತ್ತಿಗೆ ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಬಾರದು ಎಂಬ ಎಚ್ಚರಿಕೆಗೆ ಕಾರಣ ಗ್ರಹಣದ ಕಿರಣಗಳಲ್ಲಿಲ್ಲ. ಉಳಿದ ದಿನಗಳಲ್ಲಿ ಪ್ರಖರತೆಯೇ ನಮ್ಮ ಕಣ್ಣನ್ನು ತಿರುಗಿಸಿಬಿಡುತ್ತದೆ. ಸೂರ್ಯ ಭಾಗಶಃ ಮುಚ್ಚಿದಾಗ ದಿಟ್ಟಿಸುವ ಆಸೆ ಹುಟ್ಟುತ್ತದೆ, ದಿಟ್ಟಿಸುವುದೆಂದರೆ ಫೋವಿಯಾವನ್ನೇ ಅದರತ್ತ ಹಿಡಿಯುವುದು. ಉಳಿದಿರುವ ಸಣ್ಣ ಅಂಚಿನ ಬೆಳಕೂ ಅಲ್ಲಿನ ಶಂಕುಕೋಶಗಳನ್ನು ಹಾಳುಮಾಡಲು ಸಾಕು, ಆಗಲೂ ನೋವಾಗುವುದಿಲ್ಲ.

ಕೊನೆಯಲ್ಲಿ ಬರುವುದು ರಕ್ತನಾಳಗಳು, ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಇಲ್ಲಿ. ಅಕ್ಷಿಪಟಲದ ಹಿಂಭಾಗದ ಗ್ರಾಹಕ ಕೋಶಗಳಿಗೆ ಆಮ್ಲಜನಕ ಸಿಗುವುದು ವರ್ಣಕ ಪದರದ ಆಚೆಗಿರುವ ಕೋರಾಯ್ಡ್ ಎಂಬ ರಕ್ತಮಯ ಹೊದಿಕೆಯಿಂದ. ಮುಂಭಾಗದ ಪದರಗಳಿಗೆ ಬೇರೆ ನಾಳಗಳು ಬೇಕು. ಗರ್ಭದ 16ನೆಯ ವಾರದವರೆಗೆ ಅಲ್ಲಿ ನಾಳಗಳೇ ಇರುವುದಿಲ್ಲ. ಆಮೇಲೆ ಅವು ದೃಷ್ಟಿನರದ ಬಿಂದುವಿನಿಂದ ಹೊರಟು ಅಂಚಿನ ಕಡೆಗೆ ನಿಧಾನವಾಗಿ ಹರಡುತ್ತವೆ, ಮೂಗಿನ ಕಡೆಯ ಅಂಚನ್ನು 36ನೆಯ ವಾರದ ಹೊತ್ತಿಗೂ ಕಿವಿಯ ಕಡೆಯ ಅಂಚನ್ನು 40ನೆಯ ವಾರದ ಹೊತ್ತಿಗೂ ತಲುಪುತ್ತವೆ. ಇವುಗಳನ್ನು ಮುಂದಕ್ಕೆ ಕರೆಯುವುದು ಆಮ್ಲಜನಕದ ಕೊರತೆ. ಬೆಳೆಯುತ್ತಿರುವ ನರಕೋಶಗಳಿಗೆ ಆಮ್ಲಜನಕ ಸಾಲದಾದಾಗ ಅಲ್ಲಿನ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ, ನಾಳಗಳು ಅದರ ಜಾಡು ಹಿಡಿದು ಬೆಳೆಯುತ್ತವೆ.

ಏಳೂವರೆ ತಿಂಗಳಿಗೇ ಹುಟ್ಟಿದ ಕೂಸಿನಲ್ಲಿ ಏನಾಗುತ್ತದೆಂದು ಈಗ ಊಹಿಸಬಹುದು. ನಾಳಗಳು ಅರ್ಧದಾರಿಯಲ್ಲಿವೆ. ಗರ್ಭದೊಳಗೆ ಕಡಿಮೆಯಿದ್ದ ಆಮ್ಲಜನಕ ಹೊರಬಂದ ಕೂಡಲೇ ಏರುತ್ತದೆ, ಉಸಿರಾಟದ ತೊಂದರೆಗಾಗಿ ಆಮ್ಲಜನಕ ಕೊಟ್ಟರೆ ಇನ್ನೂ ಏರುತ್ತದೆ. ಕೊರತೆ ಇಲ್ಲವೆಂದಾದಾಗ ಕರೆಯೂ ನಿಲ್ಲುತ್ತದೆ, ನಾಳಗಳ ಬೆಳವಣಿಗೆಯೂ ನಿಲ್ಲುತ್ತದೆ. ಕೆಲವು ವಾರಗಳ ನಂತರ, ನಾಳಗಳಿಲ್ಲದ ಅಂಚಿನ ನರಕೋಶಗಳು ಬಲಿತು ಆಮ್ಲಜನಕ ಬೇಡತೊಡಗಿದಾಗ ವಿಇಜಿಎಫ್ ಒಮ್ಮೆಲೇ ಉಕ್ಕುತ್ತದೆ. ಆಗ ಹುಟ್ಟುವ ನಾಳಗಳು ಪಟಲದೊಳಗೆ ಹರಡದೆ ಮೇಲಕ್ಕೆದ್ದು, ರಕ್ತ ಸೋರಿ, ಗಾಯದ ಕಲೆಯಂತೆ ಗಟ್ಟಿಯಾಗಿ, ಅಕ್ಷಿಪಟಲವನ್ನು ಎಳೆದು ಕಿತ್ತುಬಿಡಬಲ್ಲವು. 1942ರಲ್ಲಿ ಅಮೆರಿಕದ ಟೆರಿ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದರು. ಆಮ್ಲಜನಕದ ಅತಿಬಳಕೆಯ ಕಡೆಗೆ 1951ರಲ್ಲಿ ಬೆರಳು ತೋರಿದವರು ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್.

ಹುಟ್ಟಿದ ದಿನ ಇಂತಹ ಕೂಸಿನ ಕಣ್ಣು ನೋಡಿದರೆ ರೋಗದ ಗುರುತೇನೂ ಕಾಣುವುದಿಲ್ಲ, ಹೊರಗಿನಿಂದ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. 34 ವಾರ ತುಂಬುವ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಪ್ರತಿ ಕೂಸಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕೆಂಬುದು ನಮ್ಮ ದೇಶದ ನಿಯಮ; 28 ವಾರಕ್ಕೂ ಮೊದಲು ಹುಟ್ಟಿದ ಅಥವಾ 1,200 ಗ್ರಾಂಗಿಂತ ಹಗುರವಾದ ಕೂಸುಗಳಿಗೆ ಇನ್ನೂ ಬೇಗ, ಎರಡು ಮೂರು ವಾರಗಳಲ್ಲೇ. ತೊಂದರೆ ಕಂಡರೆ ನಾಳಗಳಿಲ್ಲದ ಅಂಚಿಗೆ ಲೇಸರ್ ಹಾಯಿಸಿ ಅಥವಾ ವಿಇಜಿಎಫ್ ತಡೆಯುವ ಚುಚ್ಚುಮದ್ದು ಕೊಟ್ಟು ನೋಟವನ್ನು ಉಳಿಸಬಹುದು, ಆದರೆ ಅದಕ್ಕೆ ಸಿಗುವ ಅವಕಾಶ ಎರಡು ಮೂರು ದಿನಗಳದ್ದು. ಅಕ್ಷಿಪಟಲ ತಜ್ಞರು ದೊಡ್ಡ ನಗರಗಳಲ್ಲಿಯೇ ಹೆಚ್ಚಾಗಿರುವಾಗ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಒಂದು ಒಳ್ಳೆಯ ಉತ್ತರ ಹುಟ್ಟಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾದೊಂದಿಗೆ ನವಜಾತ ಶಿಶುಗಳ ಘಟಕಗಳಿಗೇ ಹೋಗಿ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅದನ್ನು ಮೊಬೈಲಿನಲ್ಲಿ ನೋಡಿ ವರದಿ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರಲ್ಲಿ ನನ್ನ ಬಿನ್ನಹ ಇಷ್ಟೇ: ತಿಂಗಳು ತುಂಬದೆ ಹುಟ್ಟಿದ ಕೂಸಿನ ತಾಯಿ ಕಾರ್ಡಿನಲ್ಲಿ ಲಸಿಕೆಯ ದಿನಾಂಕದ ಪಕ್ಕ ಕಣ್ಣಿನ ಪರೀಕ್ಷೆಯ ದಿನಾಂಕವನ್ನೂ ಬರೆದಿಡಿ. ‘ಬಾಣಂತಿ ತವರಿಗೆ ಹೋಗ್ಯಾಳ, ಬಂದ ಮ್ಯಾಲೆ ನೋಡೂಣು’ ಎನ್ನುವ ಮನೆಯವರಿಗೆ ಈ ಪರೀಕ್ಷೆ ಕಾಯುವುದಿಲ್ಲವೆಂದು ಹೇಳಿ. ತವರಿನ ಊರಿನ ಆಶಾ ಅವರಿಗೆ ಒಂದು ಫೋನ್ ಮಾಡಿ.

ಸಕ್ಕರೆ ಕಾಯಿಲೆಯಲ್ಲಿಯೂ ಇದೇ ವಿಇಜಿಎಫ್ ಮತ್ತೆ ಎದುರಾಗುತ್ತದೆ. ಹಲವು ವರ್ಷ ಸಕ್ಕರೆ ಹೆಚ್ಚಿದ್ದು ಸೂಕ್ಷ್ಮ ನಾಳಗಳು ಮುಚ್ಚಿಹೋದಾಗ, ಆಮ್ಲಜನಕ ಸಿಗದ ಅಕ್ಷಿಪಟಲ ಗರ್ಭದಲ್ಲಿ ಕೂಗಿದಂತೆಯೇ ಮತ್ತೆ ನಾಳಗಳಿಗಾಗಿ ಕೂಗುತ್ತದೆ. ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವುದು ಅದಕ್ಕಾಗಿ.

ಸಭಿಕರೊಬ್ಬರು ಸೋದರಿಕೆಯ ಬಗ್ಗೆ ಕೇಳಿದರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ನಮ್ಮ ಭಾಗದಲ್ಲಿ ಇನ್ನೂ ಇದೆ. ಗ್ರಾಹಕ ಕೋಶಗಳ ಅಥವಾ ವರ್ಣಕ ಪದರದ ಯಾವುದೋ ಒಂದು ಜೀನಿನ ಕೆಟ್ಟ ಪ್ರತಿ ಅಜ್ಜ ಅಜ್ಜಿಯಿಂದ ಎರಡೂ ಕವಲುಗಳಿಗೆ ಇಳಿದು, ಮದುವೆಯಲ್ಲಿ ಮತ್ತೆ ಕೂಡುವ ಸಂಭವ ಹೀಗೆ ಹೆಚ್ಚುತ್ತದೆ. ಇರುಳುಗಣ್ಣಿನಿಂದ ಶುರುವಾಗಿ ನೋಟದ ಸುತ್ತಳತೆ ಕಿರಿದಾಗುತ್ತ ಹೋಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯ ಹಲವು ಬಗೆಗಳು ಇಂತಹವು. ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಹೀಗಿದ್ದರೆ ಬಳಗದೊಳಗಿನ ಸಂಬಂಧ ಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಇನ್ನೊಬ್ಬರು, ವಿದ್ಯಾರ್ಥಿನಿ, ಹಾಳಾದ ಅಕ್ಷಿಪಟಲವನ್ನು ಮತ್ತೆ ಬೆಳೆಸಬಹುದೇ ಎಂದು ಕೇಳಿದರು. ಜೀಬ್ರಾ ಮೀನಿನಲ್ಲಿ ಅದು ತಾನಾಗಿಯೇ ನಡೆಯುತ್ತದೆ. ಪೆಟ್ಟಾದಾಗ ಮ್ಯೂಲರ್ ಕೋಶಗಳು ಮತ್ತೆ ಮೂಲಕೋಶಗಳಾಗಿ ಹೊಸ ನರಕೋಶಗಳನ್ನು ಹುಟ್ಟಿಸುತ್ತವೆ. ನಮ್ಮಲ್ಲಿ ಅವು ಕಲೆಯನ್ನಷ್ಟೇ ಕಟ್ಟುತ್ತವೆ. ಜಪಾನಿನ ಯೋಶಿಕಿ ಸಸಾಯಿ ಅವರ ತಂಡ 2011ರಲ್ಲಿ ಇಲಿಯ ಮತ್ತು 2012ರಲ್ಲಿ ಮನುಷ್ಯನ ಮೂಲಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ, ಅವು ಯಾರೂ ಒತ್ತದೆ, ಮಸೂರದ ಸ್ಪರ್ಶವೂ ಇಲ್ಲದೆ, ತಾವಾಗಿಯೇ ಒಳಕ್ಕೆ ಮಡಚಿ ಎರಡು ಗೋಡೆಯ ಬಟ್ಟಲುಗಳಾದವು. 2014ರಲ್ಲಿ ಮಸಾಯೊ ತಕಾಹಾಶಿ ಅವರ ನೇತೃತ್ವದಲ್ಲಿ, ರೋಗಿಯ ಚರ್ಮದ ಕೋಶಗಳಿಂದ ಬೆಳೆಸಿದ ವರ್ಣಕ ಪದರವನ್ನು ಅವರದೇ ಕಣ್ಣಿಗೆ ಕಸಿ ಮಾಡಲಾಯಿತು. 2017ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿಸಿದ ಜೀನ್ ಚಿಕಿತ್ಸೆ, ವಿಟಮಿನ್ ‘ಎ’ ಅಣುವನ್ನು ಮತ್ತೆ ಬಾಗಿಸಲು ಬೇಕಾದ ಆರ್‌ಪಿಇ-65 ಎಂಬ ಒಂದೇ ಜೀನಿನ ದೋಷಕ್ಕೆ ಉಪಯೋಗವಾಗುತ್ತದೆ, ಅದೂ ಗ್ರಾಹಕ ಕೋಶಗಳು ಇನ್ನೂ ಬದುಕಿರುವ ಕಣ್ಣಿನಲ್ಲಿ. ಬಟ್ಟಲನ್ನು ಬೆಳೆಸುವುದು ಈಗ ಸಾಧ್ಯವಾಗಿದೆ; ಅದರಿಂದ ಹತ್ತು ಲಕ್ಷ ತಂತುಗಳನ್ನು ಹೊರಡಿಸಿ, ದೃಷ್ಟಿನರದ ಉದ್ದಕ್ಕೂ ನಡೆಸಿ, ಮಿದುಳಿನಲ್ಲಿ ಒಂದೊಂದನ್ನೂ ಅದರದರ ಜಾಗಕ್ಕೆ ಸೇರಿಸುವುದು ಸಾಧ್ಯವಾಗಿಲ್ಲ. ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು, ಈ ಕೆಲಸಕ್ಕೆ ಇನ್ನೂ ಜನ ಬೇಕಾಗಿದ್ದಾರೆ ಎಂದು.